ಮೆಣಸಿನಕಾಯಿ ಗಿಡದ ಎಲೆಚುಕ್ಕೆ ರೋಗ: ಗುರುತು ಹಿಡಿಯುವುದು ಹೇಗೆ, ಹತೋಟಿಗೆ ತರುವುದು ಹೇಗೆ

ಮೆಣಸಿನಕಾಯಿ ಗಿಡದ ಎಲೆಯಲ್ಲಿ ಚುಕ್ಕೆ ಕಂಡರೆ ಸಾಕು, ಹೆಚ್ಚಿನವರು ಬೇವಿನ ಎಣ್ಣೆ ಬಾಟಲಿ ಹುಡುಕುತ್ತಾರೆ. ವಾರ ಬಿಟ್ಟು ಹುಳಿ ಮಜ್ಜಿಗೆ, ಅದಾದ ಮೇಲೆ ಅಡುಗೆ ಸೋಡಾ, ಅದಕ್ಕೂ ಜಗ್ಗದಿದ್ದರೆ ಅಂಗಡಿಯವರು ಕಟ್ಟಿಕೊಟ್ಟ ಯಾವುದೋ ಪುಡಿ. ಅಷ್ಟರಲ್ಲಿ ಗಿಡ ಅರ್ಧ ಬೋಳಾಗಿರುತ್ತದೆ. ಯಾವ ಚುಕ್ಕೆ ಅಂತ ನೋಡದೆ ಹೊಡೆದರೆ ಎಂಥ ಔಷಧಿಯ ಗತಿಯೂ ಇಷ್ಟೇ.

ಶುರು ಮಾಡುವ ಮೊದಲೇ ಎರಡು ವಿಷಯ ಹೇಳಿಬಿಡುತ್ತೇನೆ. ಒಂದು, ಚುಕ್ಕೆ ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಯಾವ ಔಷಧಿ ಹೊಡೆದರೂ ಇಲ್ಲ. ನಾವು ಉಳಿಸಿಕೊಳ್ಳುವುದು ಮುಂದೆ ಬರುವ ಎಲೆಯನ್ನು ಮಾತ್ರ. ಇದು ಗೊತ್ತಿಲ್ಲದವರು 'ಹೊಡೆದು ನಾಲ್ಕು ದಿನ ಆಯ್ತು, ಚುಕ್ಕೆ ಹಾಗೇ ಇದೆ' ಅಂತ ಔಷಧಿ ಮೇಲೆ ಔಷಧಿ ಬದಲಿಸುತ್ತಾ ಹೋಗುತ್ತಾರೆ. ಎರಡನೆಯದು, ನಮ್ಮ ಕಡೆ ಮೆಣಸಿನಕಾಯಿಗೆ ಬರುವ ಮುಖ್ಯ ಎಲೆಚುಕ್ಕೆ ರೋಗಗಳಿಗೆ, ಅದು ಬ್ಯಾಕ್ಟೀರಿಯಾದ್ದಿರಲಿ ಶಿಲೀಂಧ್ರದ್ದಿರಲಿ, ಎಲೆ ಮೇಲೆ ನೀರು ಬೇಕೇ ಬೇಕು. ಎಲೆ ಎಷ್ಟು ಹೊತ್ತು ಒದ್ದೆ ಇರುತ್ತದೋ ರೋಗಕ್ಕೆ ಅಷ್ಟು ಅನುಕೂಲ. ಈ ಬರಹದಲ್ಲಿ ಔಷಧಿಗಿಂತ ನೀರಿನ ಮಾತೇ ಜಾಸ್ತಿ ಇದ್ದರೆ ಕಾರಣ ಅದೇ.

ಕುಂಡದ ಗಿಡ, ಹಿತ್ತಲ ಗಿಡ, ತಾರಸಿ ಮೇಲಿನ ಗಿಡ ಎಲ್ಲಕ್ಕೂ ಇದು ಹೊಂದುತ್ತದೆ. ಬ್ಯಾಡಗಿ ಇರಲಿ, ಹಸಿಮೆಣಸಿನಕಾಯಿ ಇರಲಿ, ದೊಣ್ಣೆ ಮೆಣಸಿನಕಾಯಿ ಇರಲಿ, ರೋಗಗಳು ಹೆಚ್ಚುಕಡಿಮೆ ಅವೇ. ದೊಣ್ಣೆ ಮೆಣಸಿನ ಎಲೆ ದೊಡ್ಡದು, ಮೃದು. ಅದರಲ್ಲಿ ಬೇಗ ಎದ್ದು ಕಾಣುತ್ತದೆ.

ಮೊದಲು ಇಡೀ ಗಿಡ ನೋಡಿ

ಒಂದು ಎಲೆ ಕಿತ್ತು ಫೋಟೋ ತೆಗೆದು 'ಇದೇನು ರೋಗ' ಅಂತ ಕೇಳಿದರೆ ಅನುಭವಸ್ಥರಿಗೂ ಹೇಳುವುದು ಕಷ್ಟ. ಬೆಳಗ್ಗೆ ಬಿಸಿಲು ಏರುವ ಮುಂಚೆ ಗಿಡದ ಹತ್ತಿರ ಕೂತು ನೋಡಿ. ಚುಕ್ಕೆ ಎಲ್ಲಿಂದ ಶುರುವಾಗಿದೆ? ಕೆಳಗಿನ ಹಳೇ ಎಲೆಗಳಿಂದ ಮೇಲಕ್ಕೆ ಏರುತ್ತಿದ್ದರೆ ಸಾಮಾನ್ಯವಾಗಿ ಮಣ್ಣಿನಿಂದ ಸಿಡಿದ ನೀರು ರೋಗ ತಂದಿದೆ ಅಂತ ಲೆಕ್ಕ. ತುದಿಯ ಎಳೇ ಎಲೆಗಳಲ್ಲೇ ಮೊದಲು ಕಂಡು, ಎಲೆ ಮುದುಡಿಯೂ ಇದ್ದರೆ ಕೀಟವೋ ವೈರಸ್ಸೋ ಇರುವ ಸಾಧ್ಯತೆ ಹೆಚ್ಚು. ಬಿಸಿಲು ಬೀಳುವ ಒಂದೇ ಮಗ್ಗುಲಲ್ಲಿ ಇದ್ದರೆ ರೋಗವೇ ಅಲ್ಲದಿರಬಹುದು.

ಆಮೇಲೆ ಎಲೆ ಮಗುಚಿ ನೋಡಿ. ಇದನ್ನು ಯಾರೂ ಮಾಡುವುದಿಲ್ಲ. ಅರ್ಧ ಉತ್ತರ ಇರುವುದು ಎಲೆಯ ಅಡಿಯಲ್ಲೇ. ಅಡಿಯಲ್ಲಿ ಬಿಳಿ ಪುಡಿ ಇದೆಯಾ, ಸಣ್ಣ ನುಸಿ ಓಡಾಡುತ್ತಿದೆಯಾ, ಚುಕ್ಕೆ ಎಣ್ಣೆ ತಾಗಿದ ಕಾಗದದ ಹಾಗೆ ಒದ್ದೆ ಒದ್ದೆ ಕಾಣುತ್ತಿದೆಯಾ? ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಕಣ್ಣಿಗೆ ಕಾಣದ್ದೂ ಕಾಣುತ್ತದೆ. ಕಾಂಡ, ಎಲೆ ತೊಟ್ಟು, ಕಾಯಿ ಕೂಡ ಒಂದು ಸಲ ನೋಡಿಬಿಡಿ.

ಹಿಂದಿನ ವಾರ ಹವೆ ಹೇಗಿತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ರೋಗ ತಗುಲಿದ ದಿನವೇ ಚುಕ್ಕೆ ಕಾಣುವುದಿಲ್ಲ, ಕೆಲವು ದಿನ ಹಿಡಿಯುತ್ತದೆ. ಇವತ್ತು ಒಳ್ಳೇ ಬಿಸಿಲಿದೆ ಅಂದರೂ ಇವತ್ತು ಕಂಡ ಚುಕ್ಕೆ ಹೋದ ವಾರದ ಮಳೆಯದ್ದಾಗಿರಬಹುದು.

ಬ್ಯಾಕ್ಟೀರಿಯಾ ಎಲೆಚುಕ್ಕೆ

ಇದು ಕ್ಸಾಂಥೋಮೊನಾಸ್ ಜಾತಿಯ ಬ್ಯಾಕ್ಟೀರಿಯಾದಿಂದ ಬರುತ್ತದೆ. ಮನೆ ತೋಟದಲ್ಲಿ ಅತಿ ಹೆಚ್ಚು ಕಾಡುವುದೂ ಇದೇ ಅನ್ನುವುದು ನನ್ನ ಅಂದಾಜು. ಶುರುವಿನಲ್ಲಿ ಎಲೆಯ ಅಡಿಯಲ್ಲಿ ಸೂಜಿಮೊನೆಯಷ್ಟು ಒದ್ದೆ ಚುಕ್ಕೆ. ಎಲೆಯನ್ನು ಬೆಳಕಿಗೆ ಹಿಡಿದರೆ ಆ ಜಾಗ ಸ್ವಲ್ಪ ಪಾರದರ್ಶಕವಾಗಿ ಕಾಣುತ್ತದೆ. ಎರಡು ಮೂರು ದಿನದಲ್ಲಿ ಅದು ಕಂದು, ಆಮೇಲೆ ಕಪ್ಪು. ಚುಕ್ಕೆ ಹೆಚ್ಚಾಗಿ 2-3 ಮಿಲಿಮೀಟರ್ ಇರುತ್ತದೆ, ದುಂಡಗಿರುವುದಿಲ್ಲ, ಅಂಚು ಮೂಲೆ ಮೂಲೆಯಾಗಿರುತ್ತದೆ. ಸುತ್ತ ಹಳದಿ ಉಂಗುರ ಇರಬಹುದು, ಇಲ್ಲದೆಯೂ ಇರಬಹುದು. ಹಳದಿ ಉಂಗುರ ಇಲ್ಲ ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಅಲ್ಲ ಅಂತ ತೀರ್ಮಾನ ಮಾಡಬೇಡಿ.

ಚುಕ್ಕೆಗಳು ಎಲೆಯ ಅಂಚಿನಲ್ಲಿ, ತುದಿಯಲ್ಲಿ ಒಟ್ಟುಗೂಡುತ್ತವೆ. ನೀರು ನಿಲ್ಲುವುದು ಅಲ್ಲೇ ಅಲ್ವಾ. ಹಾಗೆ ಕೂಡಿಕೊಂಡ ಜಾಗ ಒಣಗಿ, ಹರಿದು, ಎಲೆ ಚಿಂದಿಯಾದ ಹಾಗೆ ಕಾಣುತ್ತದೆ. ಈ ರೋಗದ ಇನ್ನೊಂದು ದೊಡ್ಡ ಗುರುತು ಎಲೆ ಉದುರುವುದು. ಎಲೆಯಲ್ಲಿ ನಾಲ್ಕೈದೇ ಚುಕ್ಕೆ ಇದ್ದರೂ ಅದು ಹಳದಿಯಾಗಿ ಬಿದ್ದುಹೋಗುತ್ತದೆ. ಕಾಯಿಯ ಮೇಲೆ ಬಂದರೆ ಉಬ್ಬಿದ, ಒರಟಾದ, ಕಜ್ಜಿಯಂಥ ಗುರುತು. ಎಲೆ ಉದುರಿದ ಗಿಡದ ಕಾಯಿಗೆ ನೇರ ಬಿಸಿಲು ಬಿದ್ದು ಒಂದು ಮಗ್ಗುಲು ಬೆಳ್ಳಗೆ ಸುಡುತ್ತದೆ. ಅದನ್ನು ಇನ್ನೊಂದು ಹೊಸ ರೋಗ ಅಂದುಕೊಳ್ಳುವವರಿದ್ದಾರೆ.

24ರಿಂದ 30 ಡಿಗ್ರಿ ಬಿಸಿ, ಜೊತೆಗೆ ಮಳೆ. ಇದಕ್ಕೆ ಇಷ್ಟು ಸಾಕು. ಅಂದರೆ ನಮ್ಮ ಮುಂಗಾರು ಪೂರ್ತಿ ಇದರದೇ ಕಾಲ. ಆರಿದ್ರಾ ಮಳೆಗೆ ಹಿಡಿದರೆ ಹಸ್ತ, ಚಿತ್ತಾ ಮಳೆವರೆಗೂ ಬಿಡುವುದಿಲ್ಲ. ಬರುವ ದಾರಿ ಮುಖ್ಯವಾಗಿ ಬೀಜ ಮತ್ತು ಸಸಿ. ಒಮ್ಮೆ ಬಂದ ಮೇಲೆ ಹರಡುವುದು ಸಿಡಿಯುವ ನೀರಿನಿಂದ, ಒದ್ದೆ ಗಿಡ ಮುಟ್ಟಿದ ನಮ್ಮ ಕೈಯಿಂದ, ಕತ್ತರಿಯಿಂದ.

ಕಪ್ಪೆಗಣ್ಣಿನ ಚುಕ್ಕೆ

ಸರ್ಕೋಸ್ಪೊರ ಅನ್ನುವ ಶಿಲೀಂಧ್ರದ್ದು ಇದು. ಗುರುತು ಸುಲಭ. ಚುಕ್ಕೆ ದುಂಡಗೆ, ನಡುವೆ ಬೂದು ಇಲ್ಲವೇ ಬಿಳಿ, ಸುತ್ತ ಗಾಢ ಕಂದು ಅಂಚು. ನೋಡಿದರೆ ಕಣ್ಣಿನ ಹಾಗೇ ಇರುತ್ತದೆ. ಬ್ಯಾಕ್ಟೀರಿಯಾ ಚುಕ್ಕೆಗಿಂತ ದೊಡ್ಡದು, ಒಂದು ಸೆಂಟಿಮೀಟರ್‌ವರೆಗೂ ಬೆಳೆಯಬಹುದು. ಹಳೆಯದಾದಂತೆ ನಡುವಿನ ಬಿಳಿ ಭಾಗ ಒಣಗಿ ಉದುರಿ ಎಲೆಯಲ್ಲಿ ತೂತು ಬೀಳುತ್ತದೆ. ತೊಟ್ಟು ಮತ್ತು ಕಾಂಡದ ಮೇಲೆ ಉದ್ದುದ್ದ ಗುರುತು ಕಾಣಿಸಬಹುದು. ಜೋರಾದರೆ ಇದರಲ್ಲೂ ಎಲೆ ಉದುರುತ್ತದೆ, ಆದರೆ ಬ್ಯಾಕ್ಟೀರಿಯಾದಷ್ಟು ಅವಸರ ಇರುವುದಿಲ್ಲ. ನಿಮಗೆ ಯೋಚನೆ ಮಾಡಲು ಸ್ವಲ್ಪ ಟೈಮ್ ಸಿಗುತ್ತದೆ.

ಇದು ನೀರಿನ ಜೊತೆ ಗಾಳಿಯಲ್ಲೂ ಬರುತ್ತದೆ. ಹಾಗಾಗಿ ಪಕ್ಕದ ಮನೆಯವರ ಕುಂಡದಿಂದ ನಿಮ್ಮ ತಾರಸಿಗೆ ಬಂದರೆ ಆಶ್ಚರ್ಯ ಇಲ್ಲ. ಮಳೆ ನಿಂತ ಮೇಲೂ ರಾತ್ರಿ ಇಬ್ಬನಿ ಜಾಸ್ತಿ ಇದ್ದರೆ ಮುಂದುವರಿಯುತ್ತದೆ.

ಚುಕ್ಕೆಯೊಳಗೆ ಒಂದರೊಳಗೊಂದು ಉಂಗುರ ಕಂಡರೆ ಆಲ್ಟರ್ನೇರಿಯಾ ಅನ್ನುವ ಇನ್ನೊಂದು ಶಿಲೀಂಧ್ರ ಇರಬಹುದು. ಮನೆ ತೋಟದ ಮಟ್ಟಿಗೆ ಇವೆರಡನ್ನೂ ಬೇರೆ ಮಾಡುತ್ತಾ ತಲೆ ಕೆಡಿಸಿಕೊಳ್ಳಬೇಕಿಲ್ಲ, ಎರಡಕ್ಕೂ ಮಾಡುವ ಕೆಲಸ ಒಂದೇ.

ಚುಕ್ಕೆಯ ಹಾಗೆ ಕಾಣುವ ಬೇರೆ ತೊಂದರೆಗಳು

ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಬೂದಿ ರೋಗ: ಎಲೆಯ ಮೇಲೆ ಅಂಚು ಸರಿಯಾಗಿ ಕಾಣದ ಹಳದಿ ಪಟ್ಟೆಗಳು, ಮಗುಚಿದರೆ ಅದೇ ಜಾಗದಲ್ಲಿ ಬಿಳಿ ಪುಡಿ. ಬೇರೆ ಗಿಡಗಳಲ್ಲಿ ಬೂದಿ ಮೇಲುಗಡೆ ಇರುತ್ತದೆ, ಮೆಣಸಿನಕಾಯಿಯಲ್ಲಿ ಅಡಿಯಲ್ಲಿ ಕೂರುತ್ತದೆ. ಮಳೆ ಮುಗಿದು ಚಳಿ ಶುರುವಾದ ಮೇಲೆ, ಒಣ ಹವೆಯಲ್ಲಿ ಇದು ಹೆಚ್ಚು. ನೀರಿನ ವಿಷಯದಲ್ಲಿ ಮೇಲೆ ಹೇಳಿದ್ದಕ್ಕೆ ಇದು ಹೊರತು. ಇದಕ್ಕೆ ತಾಮ್ರದ ಔಷಧಿ ಅಷ್ಟಕ್ಕಷ್ಟೇ, ನೀರಿನಲ್ಲಿ ಕರಗುವ ಗಂಧಕ ಬೇಕು. 80 ಡಬ್ಲ್ಯುಪಿ ಅಂತ ಬರೆದಿರುವ ಪುಡಿ, ಲೀಟರಿಗೆ 2ರಿಂದ 3 ಗ್ರಾಂ. ಕಡು ಬಿಸಿಲಿನಲ್ಲಿ ಗಂಧಕ ಹೊಡೆದರೆ ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದು ಎರಡು ವಾರ ಆಗಿರದಿದ್ದರೂ ಸುಡುತ್ತದೆ.

ಮುರುಟು: ಎಲೆ ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ, ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ರಸ ಹೀರಿದ ಜಾಗದಲ್ಲಿ ಬೆಳ್ಳಿಯ ಅಥವಾ ಕಂದು ಬಣ್ಣದ ಗೀರು ಬೀಳುತ್ತದೆ, ದೂರದಿಂದ ಚುಕ್ಕೆಯೇ ಅನ್ನಿಸುತ್ತದೆ. ಬೇವಿನ ಎಣ್ಣೆಗೆ ಏನಾದರೂ ಕೆಲಸ ಇದ್ದರೆ ಇಂಥ ಕಡೆ, ಅದೂ ಶುರುವಿನಲ್ಲಿ.

ವೈರಸ್: ಹಸಿರು ಹಳದಿ ಬೆರೆತ ಮಚ್ಚೆ, ಎಲೆ ಸಣ್ಣದಾಗುವುದು, ಕೆಲವು ಸಲ ಉಂಗುರ ಉಂಗುರ ಗುರುತು. ಇದಕ್ಕೆ ಔಷಧಿ ಇಲ್ಲ. ಗಿಡ ಕೀಳುವುದೇ.

ಬಿಸಿಲು, ಗೊಬ್ಬರ, ಔಷಧಿಯ ಸುಟ್ಟಗಾಯ: ನರ್ಸರಿಯ ನೆರಳಿನಿಂದ ತಂದ ಸಸಿಯನ್ನು ನೇರ ತಾರಸಿಗೆ ಇಟ್ಟರೆ ಎಲೆ ಮೇಲೆ ಬಿಳಿ ಕಾಗದದಂಥ ಮಚ್ಚೆ ಬೀಳುತ್ತದೆ. ಗೊಬ್ಬರ ಹೆಚ್ಚಾದರೆ ಅಂಚು ಕರಕಲು. ಹೊಡೆದ ಔಷಧಿ ಗಟ್ಟಿಯಾದರೆ ಹನಿ ಬಿದ್ದಲ್ಲೆಲ್ಲ ಚುಕ್ಕೆ. ಈ ಮೂರರಲ್ಲೂ ಗಾಯ ಒಂದೇ ದಿನ ಕಾಣಿಸಿಕೊಂಡು ಅಲ್ಲಿಗೇ ನಿಲ್ಲುತ್ತದೆ. ರೋಗವಾದರೆ ದಿನ ದಿನಕ್ಕೆ ಹೆಚ್ಚುತ್ತದೆ. ಅನುಮಾನ ಇದ್ದರೆ ಒಂದು ಕೊಂಬೆಗೆ ದಾರ ಕಟ್ಟಿ, ಅದರ ಎಲೆಗಳ ಫೋಟೋ ತೆಗೆದಿಟ್ಟು, ಮೂರು ದಿನ ಬಿಟ್ಟು ಹೋಲಿಸಿ.

ಡಬ್ಬಿ ಪರೀಕ್ಷೆ

ಬ್ಯಾಕ್ಟೀರಿಯಾನೋ ಶಿಲೀಂಧ್ರವೋ ಇನ್ನೂ ಗೊತ್ತಾಗದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಕಾಗದ ಹಾಸಿ. ಹೊಸದಾಗಿ ಚುಕ್ಕೆ ಬಿದ್ದ ಒಂದೆರಡು ಎಲೆಗಳನ್ನು ತೊಳೆದು, ಒರೆಸಿ, ಅದರ ಮೇಲಿಡಿ. ಮುಚ್ಚಿ ನೆರಳಲ್ಲಿಡಿ. ಎರಡು ಮೂರು ದಿನದಲ್ಲಿ ಚುಕ್ಕೆಯ ನಡುವೆ ಬೂದು ಬಣ್ಣದ ನವಿರು ಬೂಷ್ಟು ಎದ್ದರೆ ಶಿಲೀಂಧ್ರ. ಬೂಷ್ಟಿಲ್ಲದೆ ಚುಕ್ಕೆ ಒದ್ದೊದ್ದೆಯಾಗಿ ಹರಡಿದರೆ ಬ್ಯಾಕ್ಟೀರಿಯಾ ಅಂತ ಅನುಮಾನಿಸಬಹುದು. ನಾಲ್ಕೈದು ದಿನ ಬಿಟ್ಟರೆ ಕೊಳೆತ ಎಲೆಗೆ ಯಾವ ಬೂಷ್ಟು ಬೇಕಾದರೂ ಬರುತ್ತದೆ, ಆಮೇಲೆ ನೋಡಿ ಪ್ರಯೋಜನ ಇಲ್ಲ. ಲ್ಯಾಬ್ ಪರೀಕ್ಷೆಗೆ ಇದು ಸಮ ಅಲ್ಲ, ಆದರೆ ಯಾವ ಪುಡಿ ತರಬೇಕು ಅಂತ ನಿರ್ಧರಿಸಲು ಸಾಕು.

ಕಂಡ ದಿನವೇ ಮಾಡುವ ಕೆಲಸ

ಡಬ್ಬಿ ಪರೀಕ್ಷೆಯ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಎರಡೂ ರೋಗಕ್ಕೆ ಮೊದಲ ಕೆಲಸ ಒಂದೇ.

ಗಿಡ ಪೂರ್ತಿ ಒಣಗಿರುವ ಹೊತ್ತು ನೋಡಿಕೊಳ್ಳಿ. ಮಳೆ ನಿಂತ ಕೂಡಲೇ ಅಥವಾ ಇಬ್ಬನಿ ಇರುವಾಗ ಗಿಡಕ್ಕೆ ಕೈ ಹಾಕಿದರೆ ನೀವೇ ರೋಗ ಹಂಚಿದ ಹಾಗೆ. ಮೊದಲು ಚೆನ್ನಾಗಿರುವ ಗಿಡಗಳ ಕೆಲಸ ಮುಗಿಸಿ, ರೋಗದ ಗಿಡವನ್ನು ಕೊನೆಗೆ ಮುಟ್ಟಿ. ಚುಕ್ಕೆ ಜಾಸ್ತಿ ಇರುವ ಎಲೆಗಳನ್ನು ತೊಟ್ಟಿನ ಸಮೇತ ಕತ್ತರಿಸಿ. ಎಳೆಯಬೇಡಿ, ಸಿಪ್ಪೆ ಕಿತ್ತು ಗಾಯವಾಗುತ್ತದೆ. ಒಂದು ಗಿಡ ಮುಗಿದ ಮೇಲೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕೈಯನ್ನು ಸೋಪಿನಲ್ಲಿ ತೊಳೆಯಿರಿ.

ಎಷ್ಟು ಎಲೆ ತೆಗೆಯಬಹುದು? ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಒಂದೋ ಎರಡೋ ಚುಕ್ಕೆ ಇರುವ ಎಲೆ ಗಿಡದ ಅನ್ನ ಬೇಯಿಸುತ್ತಲೇ ಇರುತ್ತದೆ, ಅದನ್ನು ಬಿಡಿ. ನೆಲಕ್ಕೆ ತಾಗುವ ಮತ್ತು ನೆಲದಿಂದ ಒಂದು ಗೇಣು ಎತ್ತರದೊಳಗಿನ ಎಲೆಗಳನ್ನು ಮಾತ್ರ, ಚುಕ್ಕೆ ಇರಲಿ ಬಿಡಲಿ, ತೆಗೆದುಬಿಡಿ. ಸಣ್ಣ ಸಸಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವಕ್ಕೆ ಇರುವುದೇ ನಾಲ್ಕು ಎಲೆ.

ಬಿದ್ದ ಎಲೆಗಳನ್ನೂ ಆರಿಸಿ. ಬ್ಯಾಕ್ಟೀರಿಯಾ ಬರೀ ಮಣ್ಣಿನಲ್ಲಿ ಹೆಚ್ಚು ಕಾಲ ಬದುಕುವುದಿಲ್ಲ, ಆದರೆ ಕೊಳೆಯದೆ ಬಿದ್ದಿರುವ ಎಲೆ, ಕಡ್ಡಿಯಲ್ಲಿ ಉಳಿದುಕೊಳ್ಳುತ್ತದೆ. ಇವನ್ನು ಮನೆಯ ಕಾಂಪೋಸ್ಟ್ ಡಬ್ಬಕ್ಕೆ ಹಾಕಬೇಡಿ. ಮನೆಯ ಡಬ್ಬ ರೋಗ ಸಾಯುವಷ್ಟು ಬಿಸಿಯಾಗುವುದು ಅಪರೂಪ. ಊರಲ್ಲಾದರೆ ದೂರದಲ್ಲಿ ಗುಂಡಿ ತೆಗೆದು ಹೂತುಬಿಡಿ, ಪೇಟೆಯಲ್ಲಾದರೆ ಹಸಿ ಕಸದ ಗಾಡಿಗೆ ಕೊಟ್ಟುಬಿಡಿ.

ಕುಂಡದ ಗಿಡವಾದರೆ ಇನ್ನೂ ಒಂದು ಅನುಕೂಲ ಇದೆ. ಎತ್ತಿಕೊಂಡು ಹೋಗಿ ಬೇರೆ ಕಡೆ ಇಡಬಹುದು. ಟೊಮೆಟೊ ಗಿಡದಿಂದಲೂ ದೂರ ಇಡಿ, ಈ ಬ್ಯಾಕ್ಟೀರಿಯಾ ಗುಂಪು ಟೊಮೆಟೊವನ್ನೂ ಬಿಡುವುದಿಲ್ಲ.

ಎಲೆ ಒಣಗಿರಲಿ, ಬೇರು ಒದ್ದೆ ಇರಲಿ

ಇನ್ನು ನಿಜವಾದ ಕೆಲಸ. ಪೈಪ್ ಹಿಡಿದು ಗಿಡದ ತಲೆ ಮೇಲೆ ನೀರು ಹೊಡೆಯುವುದನ್ನು ಇವತ್ತೇ ನಿಲ್ಲಿಸಿ. ಸಂಜೆ ಆಫೀಸಿನಿಂದ ಬಂದು ಗಿಡಕ್ಕೆ ಸ್ನಾನ ಮಾಡಿಸುವುದು ಮನಸ್ಸಿಗೆ ಹಿತ ನಿಜ, ಆದರೆ ಆ ಎಲೆ ಬೆಳಗ್ಗೆವರೆಗೂ ಒದ್ದೆ ಇರುತ್ತದೆ. ನೀರು ಬುಡಕ್ಕೆ, ಬೆಳಗಿನ ಹೊತ್ತು, ನಿಧಾನವಾಗಿ. ಚೊಂಬಿನಲ್ಲಿ ಹಾಕಿದರೂ ಸರಿ. ಗಿಡ ಜಾಸ್ತಿ ಇದ್ದರೆ ಡ್ರಿಪ್ ಹಾಕಿಸಿಕೊಳ್ಳಿ.

ಬುಡಕ್ಕೆ ಹೊದಿಕೆ ಹಾಕಿ. ಒಣ ಎಲೆ, ಹುಲ್ಲು, ಭತ್ತದ ಹೊಟ್ಟು, ತೆಂಗಿನ ನಾರು, ಮಲೆನಾಡಿನಲ್ಲಾದರೆ ಕತ್ತರಿಸಿದ ಅಡಿಕೆ ಸೋಗೆ, ಏನು ಸಿಗುತ್ತದೋ ಅದು. ಎರಡು ಇಂಚು ದಪ್ಪ ಸಾಕು, ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಜಾಗ ಬಿಡಿ. ಮಳೆ ಹನಿ ಮಣ್ಣಿಗೆ ಬಿದ್ದು ಎಲೆಗೆ ಸಿಡಿಯುವುದು ಇದರಿಂದ ತಪ್ಪುತ್ತದೆ. ಮೆಣಸಿನ ಗಿಡದ ಹಳೇ ಎಲೆಯನ್ನೇ ಹೊದಿಕೆ ಮಾಡಬೇಡಿ ಅಂತ ಬೇರೆ ಹೇಳಬೇಕಿಲ್ಲ.

ಗಿಡದಿಂದ ಗಿಡಕ್ಕೆ ಒಂದೂವರೆ ಅಡಿಯಿಂದ ಎರಡು ಅಡಿ ಅಂತರ ಇರಲಿ. ತಾರಸಿಯಲ್ಲಿ ಜಾಗ ಇಲ್ಲ ಅಂತ ಕುಂಡಗಳನ್ನು ಒತ್ತೊತ್ತಾಗಿ ಇಡುತ್ತಾರೆ, ಒಳಗೆ ಗಾಳಿ ಆಡುವುದೇ ಇಲ್ಲ. ಹತ್ತು ಗಿಡ ಇರುವ ಕಡೆ ಆರು ಇಟ್ಟರೆ ಒಟ್ಟು ಕಾಯಿ ಕಡಿಮೆಯಾಗುವುದಿಲ್ಲ ಅನ್ನುವುದು ನನ್ನ ನಂಬಿಕೆ. ಗಿಡಕ್ಕೆ ಕೋಲು ಕೊಟ್ಟು ಕಟ್ಟಿ, ಒಳಗೆ ಅಡ್ಡಾದಿಡ್ಡಿ ಬೆಳೆದ ಸಣ್ಣ ರೆಂಬೆ ತೆಗೆಯಿರಿ.

ಮಳೆಗಾಲಕ್ಕೆ ಮೇಲ್ಗಡೆ ಏನಾದರೂ ಬೇಕು. ಹಸಿರು ನೆರಳು ಪರದೆ ಮಳೆ ತಡೆಯುವುದಿಲ್ಲ, ದೊಡ್ಡ ಹನಿಯನ್ನು ಸಣ್ಣ ಹನಿ ಮಾಡುತ್ತದೆ ಅಷ್ಟೆ, ಮೇಲಾಗಿ ಬಿಸಿಲೂ ಕಡಿಮೆಯಾಗಿ ಎಲೆ ಒಣಗುವುದು ತಡವಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಇಳಿಜಾರಾಗಿ ಕಟ್ಟಿ, ನಾಲ್ಕೂ ಕಡೆ ತೆರೆದಿಡಿ. ಮನೆಯ ಸೂರಿನ ಒಳಗೆ ಇಟ್ಟರೂ ಆಗುತ್ತದೆ. ಸೂರಿನ ನೀರು ಇಳಿಯುವ ಗೆರೆಯಲ್ಲಿ ಮಾತ್ರ ಇಡಬೇಡಿ, ಅಲ್ಲಿ ಸಿಡಿಯುವಷ್ಟು ನೀರು ಬಯಲಲ್ಲೂ ಸಿಡಿಯುವುದಿಲ್ಲ. ತೀರ್ಥಹಳ್ಳಿ, ಶಿರಸಿ, ಮಡಿಕೇರಿ ಕಡೆಯವರಿಗೆ ಈ ಹೊದಿಕೆ ಇಲ್ಲದೆ ಜುಲೈ, ಆಗಸ್ಟ್ ದಾಟುವುದು ನಿಜಕ್ಕೂ ಕಷ್ಟ.

ಗೊಬ್ಬರದ ಬಗ್ಗೆ ಒಂದೇ ಮಾತು. ಎಲೆ ಉದುರಿದೆ ಅಂತ ಯೂರಿಯಾ ಸುರಿಯಬೇಡಿ. ಮೃದುವಾದ ಎಳೇ ಎಲೆ ಸಿಕ್ಕಾಪಟ್ಟೆ ಬರುತ್ತದೆ, ರೋಗಕ್ಕೆ ಹಬ್ಬ. ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಸಾಕು.

ಸಿಂಪರಣೆ: ಏನು, ಎಷ್ಟು, ಯಾವಾಗ

ಮೇಲಿನದೆಲ್ಲ ಮಾಡಿದ ಮೇಲೂ ಹೊಸ ಎಲೆಗೆ ಚುಕ್ಕೆ ಬರುತ್ತಿದ್ದರೆ, ಅಥವಾ ಮುಂದೆ ವಾರಗಟ್ಟಲೆ ಮಳೆ ಇದೆ ಅಂತ ಗೊತ್ತಿದ್ದರೆ ಮಾತ್ರ ಸಿಂಪರಣೆಗೆ ಬನ್ನಿ.

ಎರಡೂ ರೋಗಕ್ಕೆ ಸ್ವಲ್ಪ ಸ್ವಲ್ಪ ಕೆಲಸ ಮಾಡುವುದು ತಾಮ್ರ. ಅಂಗಡಿಯಲ್ಲಿ ಕಾಪರ್ ಆಕ್ಸಿಕ್ಲೋರೈಡ್ 50 ಡಬ್ಲ್ಯುಪಿ ಅಂತ ಕೇಳಿ, ಸಿಒಸಿ ಅಂದರೂ ಕೊಡುತ್ತಾರೆ. ಲೀಟರ್ ನೀರಿಗೆ 3 ಗ್ರಾಂ. ಚಮಚದ ಲೆಕ್ಕ ಬೇಡ, ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಮೊದಲು ಸ್ವಲ್ಪ ನೀರಿನಲ್ಲಿ ಪೇಸ್ಟ್ ಮಾಡಿ, ಆಮೇಲೆ ಉಳಿದ ನೀರಿಗೆ ಬೆರೆಸಿ. ಮಳೆಗೆ ತೊಳೆದುಹೋಗದಿರಲು ಅಂಟು ಸೇರಿಸಬಹುದು, ಅಂಗಡಿಯವರು ಇದನ್ನು ಗಮ್ ಅನ್ನುತ್ತಾರೆ. ಲೀಟರಿಗೆ ಅರ್ಧ ಮಿಲಿ ಸಾಕು.

ತಾಮ್ರ ಎಲೆಯ ಹೊರಗೇ ಕೂರುತ್ತದೆ, ಒಳಗೆ ಹೋಗುವುದಿಲ್ಲ. ಆದ್ದರಿಂದ ಎಲೆಯ ಎರಡೂ ಕಡೆ ತಾಗಬೇಕು, ಅದರಲ್ಲೂ ಅಡಿಭಾಗ. ಹೊಸ ಎಲೆ ಬಂದ ಹಾಗೆ ಅದಕ್ಕೆ ರಕ್ಷಣೆ ಇರುವುದಿಲ್ಲ, ಹಾಗಾಗಿ 10ರಿಂದ 15 ದಿನಕ್ಕೊಮ್ಮೆ ಮತ್ತೆ ಹೊಡೆಯಬೇಕು. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಜೋರಾಗುವ ಮುಂಚೆ ಹೊಡೆಯಿರಿ. ಮೋಡ ಕವಿದು ದಿನವಿಡೀ ಎಲೆ ಒಣಗದಿರುವಾಗ ತಾಮ್ರ ಹೊಡೆದರೆ ಎಲೆಯೇ ಸುಡಬಹುದು. ಯಾವ ಔಷಧಿಯಾದರೂ ಮೊದಲು ಒಂದು ಗಿಡಕ್ಕೆ ಹೊಡೆದು, ಎರಡು ದಿನ ನೋಡಿ ಉಳಿದದ್ದಕ್ಕೆ ಹೊಡೆಯಿರಿ.

ಕಪ್ಪೆಗಣ್ಣಿನ ಚುಕ್ಕೆ ಅಂತ ಖಾತ್ರಿಯಾದರೆ ಮ್ಯಾಂಕೋಜೆಬ್ 75 ಡಬ್ಲ್ಯುಪಿ, ಲೀಟರಿಗೆ 2ರಿಂದ 2.5 ಗ್ರಾಂ. ರೈತರು ಎಂ-45 ಅನ್ನುವುದು ಇದನ್ನೇ. ಬ್ಯಾಕ್ಟೀರಿಯಾಕ್ಕೆ ಇದೊಂದೇ ಹೊಡೆದರೆ ಪ್ರಯೋಜನ ಇಲ್ಲ. ತಾಮ್ರದ ಜೊತೆ ಸೇರಿಸಿದಾಗ ಮಾತ್ರ ತಾಮ್ರದ ಕೆಲಸ ಸ್ವಲ್ಪ ಚುರುಕಾಗುತ್ತದೆ, ಏಕೆಂದರೆ ಹಲವು ಕಡೆ ಈ ಬ್ಯಾಕ್ಟೀರಿಯಾ ತಾಮ್ರಕ್ಕೆ ಒಗ್ಗಿಕೊಂಡಿದೆ.

ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣದಿಂದ ಮಾಡುವ ಬೋರ್ಡೋ ದ್ರಾವಣವೂ ತಾಮ್ರದ ಔಷಧಿಯೇ, ಅದರ ಬಗ್ಗೆ ಅಡಿಕೆ ಸೀಮೆಯವರಿಗೆ ನಾನು ಹೇಳುವುದೇನೂ ಇಲ್ಲ. ಹೋದ ಶತಮಾನದ ಶುರುವಿನಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗಕ್ಕೆ ಇದನ್ನು ಬಳಕೆಗೆ ತಂದದ್ದು ಮಲೆನಾಡಿನ ಮನೆಮನೆಗೂ ಗೊತ್ತು. ಮನೆಯಲ್ಲಿ ಒಂದು ಲೀಟರ್ ಮಾಡುವುದಾದರೆ 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಒಳ್ಳೇ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ. ಎರಡೂ ತಣ್ಣಗಿರಬೇಕು. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತಾ ಮರದ ಕಡ್ಡಿಯಲ್ಲಿ ಕಲಕಿ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಅಥವಾ ಮಣ್ಣಿನದ್ದು ಆಗಬಹುದು. ಆಮೇಲೆ ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ. ಚಾಕುವಿಗೆ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಹಾಕಿ. ಸುಣ್ಣ ಸಾಲದೆ ಹೊಡೆದರೆ ಗಿಡ ಸುಟ್ಟುಹೋಗುತ್ತದೆ. ಬರೀ ಮೈಲುತುತ್ತವನ್ನಂತೂ ಎಲೆಗೆ ಹೊಡೆಯಲೇಬೇಡಿ. ಎಳೇ ಗಿಡಕ್ಕೆ ಎರಡನ್ನೂ 5 ಗ್ರಾಂಗೆ ಇಳಿಸಿ. ಮಾಡಿದ ದಿನವೇ ಮುಗಿಸಬೇಕು, ನಾಳೆಗೆ ಬರುವುದಿಲ್ಲ. ನಾಲ್ಕು ಕುಂಡಕ್ಕೆ ಇಷ್ಟೆಲ್ಲ ಪಾಡು ಯಾಕೆ ಅನ್ನಿಸಿದರೆ ಸಿಒಸಿ ಪುಡಿಯೇ ಸುಲಭ.

ಕೆಲವರು ಸ್ಟ್ರೆಪ್ಟೊಮೈಸಿನ್ ಥರದ ಆ್ಯಂಟಿಬಯೋಟಿಕ್ ಹೊಡೆಯಲು ಹೇಳುತ್ತಾರೆ. ಮನೆ ತೋಟಕ್ಕೆ ಖಂಡಿತ ಬೇಡ. ಮನುಷ್ಯರ ಕಾಯಿಲೆಗೆ ಬೇಕಾದ ಔಷಧಿ ಅದು, ಬ್ಯಾಕ್ಟೀರಿಯಾ ಬೇಗ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ.

ಹೊಡೆಯುವಾಗ ಕೈಗವಸು, ಮಾಸ್ಕ್, ಕನ್ನಡಕ. ಮಕ್ಕಳು, ನಾಯಿ ಬೆಕ್ಕು ಹತ್ತಿರ ಇರಬಾರದು. ಬಲಿತ ಕಾಯಿಯನ್ನೆಲ್ಲ ಹೊಡೆಯುವ ಮುಂಚೆಯೇ ಕಿತ್ತುಕೊಳ್ಳಿ. ಹೊಡೆದ ಮೇಲೆ ಎಷ್ಟು ದಿನ ಕೀಳಬಾರದು ಅಂತ ಪೊಟ್ಟಣದ ಮೇಲೆ ಬರೆದಿರುತ್ತದೆ, ಅದನ್ನು ಓದಿ. ದಿನಾ ಒಗ್ಗರಣೆಗೆ ಎರಡು ಕಾಯಿ ಕೀಳುವ ಗಿಡ ಇದು, ಆ ಲೆಕ್ಕ ಮನೆಯವರಿಗೆಲ್ಲ ಗೊತ್ತಿರಲಿ.

ಮನೆಮದ್ದುಗಳ ಬಗ್ಗೆ

ಹುಳಿ ಮಜ್ಜಿಗೆ ಬೂದಿ ರೋಗದ ಶುರುವಿನಲ್ಲಿ ಒಂದಿಷ್ಟು ನೆರವಾಗಬಹುದು. ಬ್ಯಾಕ್ಟೀರಿಯಾ ಚುಕ್ಕೆಗೆ ಅದರಿಂದ ಏನೂ ಆಗುವುದಿಲ್ಲ. ಅಡುಗೆ ಸೋಡಾ ಸ್ವಲ್ಪ ಹೆಚ್ಚಾದರೂ ಎಲೆ ಸುಡುತ್ತದೆ, ನನಗೆ ಅದರ ಮೇಲೆ ನಂಬಿಕೆ ಇಲ್ಲ. ಜೀವಾಮೃತ, ಪಂಚಗವ್ಯ ಬುಡಕ್ಕೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಚುಕ್ಕೆ ಇರುವ ಎಲೆಗೆ ವಾರವಾರ ಎರಚಿದರೆ ನೀರು ಎರಚಿದ ಹಾಗೇ, ಒದ್ದೆಯಂತೂ ಆಗುತ್ತದೆ.

ಸ್ಯೂಡೋಮೊನಾಸ್ ಅನ್ನುವ ಉಪಕಾರಿ ಬ್ಯಾಕ್ಟೀರಿಯಾದ ಪುಡಿ ಮಾತ್ರ ಬೇರೆ ಮಾತು. ಲೀಟರಿಗೆ 5ರಿಂದ 10 ಗ್ರಾಂ ಕಲಸಿ, ಬಟ್ಟೆಯಲ್ಲಿ ಸೋಸಿ, ಸಂಜೆ ಹೊತ್ತು ಹೊಡೆಯಬಹುದು. ರೋಗ ಬರುವ ಮುಂಚೆ ಹೊಡೆದರೆ ಉಪಯೋಗ, ಬಂದ ಮೇಲೆ ಅಷ್ಟಿಲ್ಲ. ಅದು ಜೀವಂತ ಬ್ಯಾಕ್ಟೀರಿಯಾ, ತಾಮ್ರದ ಜೊತೆ ಬೆರೆಸಿದರೆ ಸತ್ತೇಹೋಗುತ್ತದೆ. ಎರಡರ ನಡುವೆ ಒಂದು ವಾರ ಹತ್ತು ದಿನ ಅಂತರ ಇರಲಿ. ಕೊಳ್ಳುವಾಗ ಪೊಟ್ಟಣದ ತಾರೀಕು ನೋಡಿ, ಅವಧಿ ಮುಗಿದದ್ದು ಬರೀ ಸುದ್ದೆಮಣ್ಣು.

ಮುಂದಿನ ಸಲದ ಬೀಜ, ಸಸಿ, ಜಾಗ

ಅಡುಗೆಮನೆಯ ಒಣಮೆಣಸಿನಕಾಯಿ ಒಡೆದು ಬೀಜ ಹಾಕುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಗಿಡ ಬರುತ್ತದೆ, ಆದರೆ ಕಾಯಿಗೆ ರೋಗ ಇದ್ದಿದ್ದರೆ ಅದೂ ಜೊತೆಗೇ ಬರುತ್ತದೆ. ಸ್ವಂತ ಬೀಜ ಇಡುವುದಾದರೆ ಎಲೆಯಲ್ಲಿ ಒಂದೂ ಚುಕ್ಕೆ ಇಲ್ಲದ ಗಿಡದ್ದೇ ಇಡಿ.

ಅನುಮಾನ ಇರುವ ಬೀಜಕ್ಕೆ ಬಿಸಿನೀರಿನ ಉಪಚಾರ ಮಾಡಬಹುದು. ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಮೊದಲು ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿ, ಆಮೇಲೆ 50 ಡಿಗ್ರಿ ಬಿಸಿಯ ನೀರಿನಲ್ಲಿ 25ರಿಂದ 30 ನಿಮಿಷ ಇಡಿ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. 55 ಆದರೆ ಬೀಜ ಸಾಯಬಹುದು, 45 ಆದರೆ ರೋಗ ಸಾಯುವುದಿಲ್ಲ. ಅಗಲ ಬಾಯಿಯ ಫ್ಲಾಸ್ಕ್ ಇದ್ದರೆ ಬಿಸಿ ಹಿಡಿದಿಡುವುದು ಸುಲಭ. ತೆಗೆದ ಕೂಡಲೇ ತಣ್ಣೀರಿಗೆ ಹಾಕಿ, ನೆರಳಲ್ಲಿ ಆರಿಸಿ, ಬೇಗ ಬಿತ್ತಿಬಿಡಿ. ಹಳೇ ಬೀಜಕ್ಕೂ, ಮೊದಲೇ ಬಣ್ಣದ ಔಷಧಿ ಲೇಪಿಸಿದ ಅಂಗಡಿ ಬೀಜಕ್ಕೂ ಇದು ಬೇಡ.

ನರ್ಸರಿಯಲ್ಲಿ ಸಸಿ ಕೊಳ್ಳುವಾಗ ಟ್ರೇ ಎತ್ತಿ ಎಲೆಯ ಅಡಿ ನೋಡಿ. ಒಂದು ಸಸಿಯಲ್ಲಿ ಚುಕ್ಕೆ ಇದ್ದರೂ ಆ ಟ್ರೇ ಪೂರ್ತಿ ಬಿಡಿ, ಅವಕ್ಕೆಲ್ಲ ಮೇಲಿನಿಂದಲೇ ನೀರು ಹಾಕಿರುತ್ತಾರೆ. ತಂದ ಸಸಿಯನ್ನು ಒಂದೆರಡು ವಾರ ಹಳೇ ಗಿಡಗಳಿಂದ ಬೇರೆ ಇಡಿ.

ಈ ವರ್ಷ ರೋಗ ಬಂದ ಮಡಿಗೆ ಮುಂದಿನ ಎರಡು ವರ್ಷವಾದರೂ ಮೆಣಸಿನಕಾಯಿ, ಟೊಮೆಟೊ, ಬದನೆ, ಆಲೂಗಡ್ಡೆ ಬೇಡ. ಬೀನ್ಸ್, ಅವರೆ, ಸೊಪ್ಪು, ಮೂಲಂಗಿ ಹಾಕಿ. ಸುತ್ತಮುತ್ತ ತಾನಾಗಿ ಹುಟ್ಟುವ ಗಣಿಕೆ ಸೊಪ್ಪಿನ ಗಿಡವೂ ಇದೇ ಕುಟುಂಬದ್ದು, ರೋಗ ಅಲ್ಲಿ ಅಡಗಿ ಕೂರಬಹುದು. ತಿನ್ನಲು ಬೇಕಿದ್ದರೆ ಮೆಣಸಿನ ಮಡಿಯಿಂದ ದೂರ ಬೆಳೆಸಿಕೊಳ್ಳಿ. ಕುಂಡವಾದರೆ ಹಳೇ ಬೇರು, ಕಡ್ಡಿ ಆರಿಸಿ ತೆಗೆದು, ಕುಂಡವನ್ನು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ. ಆ ಮಣ್ಣನ್ನು ಸೊಪ್ಪಿಗೆ ಬಳಸಿ.

ಗಿಡ ಉಳಿಸುವುದಾ, ಕೀಳುವುದಾ?

ಸಸಿ ಹಂತದಲ್ಲೇ ಬ್ಯಾಕ್ಟೀರಿಯಾ ಚುಕ್ಕೆ ಬಂದಿದ್ದರೆ ಕಿತ್ತುಬಿಡಿ, ಅದರ ಹಿಂದೆ ತಿಂಗಳು ಕಳೆಯುವುದು ದಂಡ. ಕಾಯಿ ಹಿಡಿದ ದೊಡ್ಡ ಗಿಡವಾದರೆ ಅವಸರ ಬೇಡ. ಮಳೆ ಹಿಂದೆ ಸರಿದು ಒಣ ಹವೆ ಬಂದಾಗ ಬೋಳಾದ ಗಿಡವೂ ಚಿಗುರುತ್ತದೆ. ಮೆಣಸಿನಕಾಯಿ ಗಿಡ ನೋಡಿಕೊಂಡರೆ ಎರಡು ಮೂರು ವರ್ಷ ಬದುಕುತ್ತದೆ. ಕಾಂಡದಲ್ಲಿ ಗಾಯ ಇಲ್ಲದೆ, ತುದಿ ಹಸಿರಾಗಿದ್ದರೆ ಕಾಯಿರಿ. ಎಲೆಚುಕ್ಕೆ ಇರುವ ಗಿಡದ ಕಾಯಿ ತಿನ್ನಲು ತೊಂದರೆ ಇಲ್ಲ, ಕಜ್ಜಿ ಇರುವ ಭಾಗ ಕತ್ತರಿಸಿ ಎಸೆದರಾಯಿತು. ಬೂಷ್ಟು ಹಿಡಿದ, ಕೊಳೆತ ಕಾಯಿ ಬೇಡ.

ಇಷ್ಟೆಲ್ಲ ಮಾಡಿಯೂ ಗೊತ್ತಾಗದಿದ್ದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆ ಕಚೇರಿಗೋ ಒಯ್ಯಿರಿ. ಪೂರ್ತಿ ಒಣಗಿದ ಎಲೆ ಒಯ್ಯಬೇಡಿ. ಈಗಷ್ಟೇ ಚುಕ್ಕೆ ಬಿದ್ದದ್ದು, ಸ್ವಲ್ಪ ಹಳೆಯದು, ಚೆನ್ನಾಗಿರುವುದು, ಹೀಗೆ ಮೂರು ಥರದ ಎಲೆ ಇರುವ ಒಂದು ಕೊಂಬೆಯನ್ನು ಪೇಪರಿನಲ್ಲಿ ಸುತ್ತಿ, ಕಿತ್ತ ದಿನವೇ ತೋರಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ದಾರಿಯಲ್ಲೇ ಬೆವರಿ ಕೊಳೆಯುತ್ತದೆ. ಇಡೀ ಗಿಡದ ಒಂದು ಫೋಟೋ, ಎಲೆಯ ಅಡಿಯ ಒಂದು ಫೋಟೋ ಮೊಬೈಲಿನಲ್ಲಿರಲಿ. ಇಲ್ಲಿವರೆಗೆ ಏನೇನು ಹೊಡೆದಿದ್ದೀರಿ, ಯಾವಾಗ ಹೊಡೆದಿರಿ ಅನ್ನುವುದನ್ನು ಸಂಕೋಚ ಪಡದೆ ಹೇಳಿ, ಮಜ್ಜಿಗೆ ಹೊಡೆದಿದ್ದರೆ ಅದನ್ನೂ.